ಮೆಲ್ಲಡಿಯ ವಿಳಾಸ

ಬಾಯಲ್ಲಿ ಮೊಳೆ ಇಟ್ಟುಕೊಂಡವರನ್ನು ಏನೂ ಕೇಳಬಾರದು. ಈ ಬುದ್ಧಿಮಾತನ್ನು ಯಾರಾದರೂ ಮುಂಚೆಯೇ ಹೇಳಿದ್ದರೆ ಈ ಕಥೆಯ ಮುಕ್ಕಾಲು ಪಾಲು ನಡೆಯುತ್ತಲೇ ಇರಲಿಲ್ಲ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಜೋಡು ಮಾಡುವವರು. ಅದೂ ಎಲ್ಲರ ಕಾಲಿಗೂ ಅಲ್ಲ. ಒಂದು ಕಾಲು ಗಿಡ್ಡವಾದವರು, ಪಾದ ಒಳಕ್ಕೆ ತಿರುಚಿಕೊಂಡವರು, ಸಕ್ಕರೆ ಕಾಯಿಲೆಯಲ್ಲಿ ಹೆಬ್ಬೆರಳು ಕಳೆದುಕೊಂಡವರು, ಇಂಥವರೇ ಅವರ ಗಿರಾಕಿಗಳು. ಕುಂಟುತ್ತಾ ಬಂದವರು ಹದಿನೈದು ದಿನ ಬಿಟ್ಟು ಹೊಸ ಜೋಡು ಮೆಟ್ಟಿಕೊಂಡು ಎಲ್ಲರ ಹಾಗೆ ನಡೆದು ಹೋಗುತ್ತಿದ್ದರು. ಮೇಷ್ಟ್ರು ಕೆಲಸಕ್ಕೆ ಕೂತರೆ ಹತ್ತು ಹದಿನೈದು ಸಣ್ಣ ಹಿತ್ತಾಳೆ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ಮುಂದೆ ತಳ್ಳಿ ತೆಗೆದು ಅಟ್ಟೆಗೆ ಹೊಡೆಯುತ್ತಿದ್ದರು. ಆಗ ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅವರ ಉತ್ತರ ಒಂದೇ: "ಹೂಂ."

ಅಂಗಡಿಗೆ 'ಮೆಲ್ಲಡಿ' ಎಂದು ಹೆಸರಿಟ್ಟವಳು ಅವರ ಹೆಂಡತಿ. ಹೆಸರಿಟ್ಟು, ಒಬ್ಬಳೇ ಮಗಳನ್ನು ಕೈಗೆ ಕೊಟ್ಟು, ಬೇಗನೇ ಕಣ್ಣುಮುಚ್ಚಿದಳು. ಅಂಗಡಿ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಗಿರಾಕಿಗೊಂದು ಕುರ್ಚಿ, ಅದರೆದುರು ಕಾಲಿನ ಅಳತೆ ತೆಗೆಯುವವರಿಗೆ ಒಂದು ಗಿಡ್ಡ ಸ್ಟೂಲು. ಒಳಗಿನದರಲ್ಲಿ ಕೆಲಸ. ಅಲ್ಲಿ ಗೋಡೆಯ ತುಂಬ ಮರದ ಅಚ್ಚುಗಳು, ಗಿರಾಕಿಗೆ ಎರಡರಂತೆ ಐನೂರಕ್ಕೂ ಮಿಕ್ಕಿ ಮರದ ಕಾಲುಗಳು. ಸತ್ತವರ ಅಚ್ಚನ್ನೂ ಮೇಷ್ಟ್ರು ಎಸೆಯುತ್ತಿರಲಿಲ್ಲ. ಹಾಗಾಗಿ ಆ ಕೋಣೆಯಲ್ಲಿ ಒಬ್ಬರೇ ಕೂತಾಗ ಊರವರೆಲ್ಲ ಗೋಡೆಯ ಆಚೆ ನಿಂತು ಕಾಲು ಮಾತ್ರ ಒಳಗೆ ಚಾಚಿದಂತೆ ಕಾಣುತ್ತಿತ್ತು.

ಆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೆಲಸ ಕಲಿತವನು ದಬ್ಬಣ. ಕಡ್ಡಿಯಂಥ ಆಳು, ಮೂಗೂ ಚೂಪು, ಮಾತೂ ಚೂಪು. ಮೇಷ್ಟ್ರೇ ಇಟ್ಟ ಅಡ್ಡಹೆಸರು. ಮಗಳು ಅವನನ್ನು 'ದಬ್ಬಣಣ್ಣ' ಎಂದು ಕರೆಯುತ್ತಿದ್ದಳು, ಅವನು ಇವಳನ್ನು 'ತಂಗಿ' ಎನ್ನುತ್ತಿದ್ದ. ಎಂಟು ವರ್ಷದ ಹಿಂದೆ, ಅಂಗಡಿಗೊಂದು ವೆಬ್‌ಸೈಟ್ ಬೇಕು, ಈಗಿನವರು ಬೀದಿಯಲ್ಲಿ ಬೋರ್ಡು ನೋಡುವುದಿಲ್ಲ, ಫೋನಲ್ಲಿ ನೋಡುತ್ತಾರೆ ಎಂದು ಹಟ ಹಿಡಿದವನು ಅವನೇ. ತನ್ನ ಫೋನಿನಲ್ಲೇ ಫಾರಂ ತುಂಬಲು ಕೂತ. 'ಮೆಲ್ಲಡಿ' ಎಂಬ ವಿಳಾಸ ಖಾಲಿ ಇತ್ತು. ಮಾಲೀಕರ ಹೆಸರು ಕೇಳಿತು.

"ಮೇಷ್ಟ್ರೇ, ಯಾರ ಹೆಸರು ಬರೀಲಿ? ನಂದೇ ಹಾಕ್ಬಿಡ್ಲಾ?"

"ಹೂಂ."

ಮಗಳು ಅಲ್ಲೇ ಚರ್ಮ ಕತ್ತರಿಸುತ್ತಿದ್ದಳು. ಕೇಳಿಸಿಕೊಂಡಳು, ಕತ್ತರಿಸುತ್ತಲೇ ಇದ್ದಳು. ಮನೆಯವನೇ ಅಲ್ಲವೇ, ಯಾರ ಹೆಸರಾದರೇನು? ಆ ಮನೆಯಲ್ಲಿ ಕಾಗದ ಪತ್ರ ಎಂದರೆ ಕಾಲಿನ ಅಳತೆ ಬರೆದ ಚೀಟಿ ಮಾತ್ರ.

ಎರಡು ವರ್ಷ ಕಳೆಯುವಷ್ಟರಲ್ಲಿ ಮೇಷ್ಟ್ರ ಕೈ ನಡುಗಲು ಶುರುವಾಯಿತು. ಮೊದಲು ಎಡಗೈ, ಆಮೇಲೆ ಎರಡೂ. ಕಣ್ಣಿಗೂ ಪೊರೆ ಬಂತು. ಒಂದು ಬೆಳಿಗ್ಗೆ ಅವರು ಒಳಕೋಣೆಯ ತಮ್ಮ ಸ್ಟೂಲಿನಿಂದ ಎದ್ದು, ಸುತ್ತಿಗೆಯನ್ನು ಮಗಳ ಕೈಗೆ ಕೊಟ್ಟು, ತಾವು ಮುಂದಿನ ಕೋಣೆಗೆ ಬಂದು ಕೂತರು. ದಬ್ಬಣ ಇಬ್ಬರ ಮುಖವನ್ನೂ ನೋಡಿದ. ಅವನು ಹದಿನಾಲ್ಕು ವರ್ಷ ಹೊಲಿದವನು. ಅವಳು ಅಲ್ಲಿಯವರೆಗೆ ಚರ್ಮ ಕತ್ತರಿಸುವುದು, ಲೆಕ್ಕ ಬರೆಯುವುದು, ಗಿರಾಕಿಗಳನ್ನು ಮಾತಾಡಿಸುವುದು ಇಷ್ಟೇ ಮಾಡಿದವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬೀದಿಯವರು ಅಂದರಂತೆ. ದಬ್ಬಣ ಕೈಯಲ್ಲಿದ್ದ ಜೋಡಿ ಮುಗಿಸಿಕೊಟ್ಟ. ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟ, ಮೂರು ಬೀದಿಯಾಚೆ ತನ್ನದೇ ಅಂಗಡಿ ತೆಗೆದ.

ಮೊದಲ ಜೋಡಿಗೆ ಕೂರುವ ಮುಂಚೆ ಅವಳು ಅಪ್ಪನನ್ನು ಕೇಳಿದ್ದಳು, "ನನ್ನ ಕೈಲಾಗುತ್ತಾ ಅಪ್ಪಾ?"

"ಹೂಂ."

ಮುಗಿಸಿ ತಂದು ತೋರಿಸಿದಳು, "ಚೆನ್ನಾಗಿದ್ಯಾ ಅಪ್ಪಾ?"

"ಹೂಂ."

ಮೊಳೆ ಹೊಡೆಯುವ ಕೆಲಸವೇ ಇಲ್ಲದಿದ್ದರೂ ಮೇಷ್ಟ್ರು ಮೊಳೆಯ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದರು. ಅವಳು ಒಂದು ಜೋಡಿ ಮುಗಿಸಿ, ಸ್ಟೂಲು ಸರಿಸಿ ಎದ್ದು ಹೊರಗೆ ಬರುವಷ್ಟರಲ್ಲಿ ಅವರ ಬಾಯಲ್ಲಿ ಮೊಳೆ ಇರುತ್ತಿತ್ತು. ಮುದುಕರಿಗೆ ಒಂದೊಂದು ಚಾಳಿ, ಒಬ್ಬರು ನಶ್ಯ ಹಾಕುತ್ತಾರೆ, ಇನ್ನೊಬ್ಬರು ಅಡಿಕೆ ಅಗಿಯುತ್ತಾರೆ, ನಮ್ಮಪ್ಪ ಮೊಳೆ ಚೀಪುತ್ತಾರೆ ಎಂದು ಅವಳು ಗಿರಾಕಿಗಳ ಮುಂದೆ ನಗುತ್ತಿದ್ದಳು. ಗಿರಾಕಿಗಳಿಗೆ ಮಾತ್ರ ಕೆಲಸ ಕೈ ಬದಲಾದದ್ದು ಹೇಳಲಿಲ್ಲ. ಅಪ್ಪ ಅಳತೆ ತೆಗೆಯುತ್ತಿದ್ದರು, ಅಪ್ಪನೇ ಮಾಡುತ್ತಾರೆ ಎಂದು ಅವರು ತಿಳಿದರು. ಇವಳು ಇಲ್ಲ ಎನ್ನಲಿಲ್ಲ, ಅಷ್ಟೆ.

ದಬ್ಬಣ ಬಿಟ್ಟುಹೋದ ಮೇಲೂ ಮೂರು ವರ್ಷ ವೆಬ್‌ಸೈಟ್ ಇದ್ದ ಹಾಗೇ ಇತ್ತು. ವರ್ಷವರ್ಷ ಅದನ್ನು ನವೀಕರಿಸುತ್ತಿದ್ದವನು ಅವನೇ ಎಂಬುದು ಅವಳಿಗೆ ಹೊಳೆಯಲೂ ಇಲ್ಲ. ಸಂಗತಿ ಬಯಲಾದದ್ದು ನರ್ಸಮ್ಮನಿಂದ. ಈಕೆ ಹಳೇ ಗಿರಾಕಿ, ದೊಡ್ಡಾಸ್ಪತ್ರೆಯಲ್ಲಿ ಕೆಲಸ, ದಿನವಿಡೀ ನಿಂತೇ ಇರಬೇಕು, ಬಲಗಾಲು ಒಂದೂವರೆ ಇಂಚು ಗಿಡ್ಡ. ಒಂದು ದಿನ ದಾರಿಯಲ್ಲಿ ಹೋಗುತ್ತಾ ಅಂಗಡಿಯ ಬಾಗಿಲು ತೆರೆದದ್ದು ಕಂಡು, ಹರಿದ ಪಟ್ಟಿ ಹೊಲಿಸಲು ಬಂದವಳು ಕುರ್ಚಿಯಲ್ಲಿ ಕೂತು ಕಾಲು ಚಾಚಿ, "ಹೋದ ವರ್ಷ ಮಾಡಿಕೊಟ್ರಲ್ಲ, ಈ ಜೋಡು, ದೇವರಾಣೆ ಕಾಲಲ್ಲಿ ಇದೆ ಅಂತಾನೇ ಗೊತ್ತಾಗಲ್ಲ" ಎಂದಳು.

ಮಗಳು ಜೋಡನ್ನು ತಿರುಗಿಸಿ ನೋಡಿದಳು. ಅದು ಅವಳು ಮಾಡಿದ್ದಲ್ಲ.

ಫೋನ್ ತೆಗೆದು ನೋಡಿದರೆ ಮೆಲ್ಲಡಿಯ ವಿಳಾಸದಲ್ಲಿ ಮೆಲ್ಲಡಿಯೇ ಇತ್ತು. ಅಪ್ಪನ ಕೈಗಳ ಫೋಟೊ ಇತ್ತು, ಹೆಬ್ಬೆರಳ ಮೇಲಿನ ಹಳೇ ಗಾಯದ ಗುರುತೂ ಸೇರಿ. 'ಮೂವತ್ತೆಂಟು ವರ್ಷಗಳಿಂದ ಅದೇ ಕೈ' ಎಂದು ಬರೆದಿತ್ತು. ಫೋನ್ ನಂಬರು ಮಾತ್ರ ದಬ್ಬಣನದು, ಬೀದಿಯ ಹೆಸರು ದಬ್ಬಣನ ಬೀದಿಯದು. ಒಂದು ವರ್ಷದಿಂದ ಗಿರಾಕಿಗಳು ಯಾಕೆ ತೆಳ್ಳಗಾದರು, ಕಾಲು ನೋಯುವವರೆಲ್ಲ ಎಲ್ಲಿಗೆ ಹೋದರು ಎಂದು ತಲೆ ಕೆಡಿಸಿಕೊಂಡಿದ್ದವಳಿಗೆ ಉತ್ತರ ಸಿಕ್ಕಿತು. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ ಎಂದುಕೊಂಡು, ಸೆರಗಿಗೆ ಕೈ ಒರೆಸಿಕೊಂಡು ನೇರ ಅವನ ಅಂಗಡಿಗೆ ನಡೆದಳು.

ದಬ್ಬಣ ಮೊಣಕಾಲಿನ ಮೇಲೆ ಒಂದು ಪುಟ್ಟ ಅಚ್ಚು ಇಟ್ಟುಕೊಂಡು ಅರದಿಂದ ಉಜ್ಜುತ್ತಿದ್ದ. ಎದ್ದು ನಿಂತ, ಕೂರಲು ಕುರ್ಚಿ ಎಳೆದ. ಅವಳು ಕೂರಲಿಲ್ಲ.

"ನಾಚಿಕೆ ಆಗಲ್ವಾ ದಬ್ಬಣಣ್ಣ? ಫೋಟೋದಲ್ಲಿರೋದು ನಿನ್ನ ಕೈಯಾ?"

"ವಿಳಾಸ ನನ್ನ ಹೆಸರಲ್ಲಿದೆ ತಂಗಿ. ಮೇಷ್ಟ್ರೇ ಹೂಂ ಅಂದಿದ್ರು, ನೀನೂ ಅಲ್ಲೇ ಇದ್ದೆ."

"ಬಾಯಲ್ಲಿ ಮೊಳೆ ಇತ್ತು ಅವರಿಗೆ!"

"ನಿಂಗೆ ಅಂಗಡಿ ಕೊಟ್ಟಾಗ ಇರಲಿಲ್ವಾ?" ಅವನು ಅರವನ್ನು ಕೆಳಗಿಟ್ಟ. "ಫೋಟೋ ಅವರದು, ಒಪ್ಪಿದೆ, ತಪ್ಪೇ. ಆದ್ರೆ ನನ್ನ ಕೈಯಲ್ಲಿರೋದು ಅವರ ಕೈಯೇ. ನಿನ್ನ ಕೈಯಲ್ಲಿ ಏನಿದೆ ಅಂತ ಒಂದ್ಸಲ ಅವರನ್ನೇ ಕೇಳು."

ಅವಳು ಅಪ್ಪನನ್ನು ಕೇಳಲಿಲ್ಲ. ವಕೀಲಮ್ಮನನ್ನು ಹುಡುಕಿದಳು. ಕೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು, ಆದರೆ ನಮಗೆ ಕೇಳಲು ಭಯವಾಗುವ ಪ್ರಶ್ನೆಗಳಿಗೇ ತಾನೇ ಕೋರ್ಟು ಕಚೇರಿ ಇರುವುದು.

ವಕೀಲಮ್ಮನಿಗೆ ಮಾತು ಕಡಿಮೆ, ಬರೆಯುವುದು ಜಾಸ್ತಿ. ಎಲ್ಲ ಕೇಳಿಸಿಕೊಂಡು ಹೇಳಿದರು: "ನೋಡಮ್ಮಾ, ವಿಳಾಸ ಯಾರ ಹೆಸರಲ್ಲಿ ಬರೆದಿದೆ ಅನ್ನೋದೊಂದೇ ಅಲ್ಲ. ಆ ಹೆಸರು ನೋಡಿದ ಗಿರಾಕಿ ಯಾರ ಅಂಗಡಿ ಅಂದ್ಕೊಂಡು ಹೋಗ್ತಾನೆ ಅನ್ನೋದು ಮುಖ್ಯ. ಜನ ಮೋಸ ಹೋಗ್ತಿದಾರೆ ಅಂತ ತೋರಿಸಿದ್ರೆ ವಿಳಾಸ ನಿಮ್ಮ ಕೈಗೆ ಬರುತ್ತೆ." ಆಮೇಲೆ ಇವಳು ಈಚೆಗೆ ಮಾಡಿಸಿದ್ದ ಹೊಸ ವೆಬ್‌ಸೈಟನ್ನು ತೆರೆದರು. ಮೆಲ್ಲಡಿ ಎಂಬ ಹೆಸರು ಸಿಗದೆ 'ಹಳೇ ಮೆಲ್ಲಡಿ' ಎಂದು ವಿಳಾಸ ಮಾಡಿಸಿದ್ದಳು. ಅದನ್ನು ನೋಡಿದವರು ಇದೇ ನಕಲಿ ಎಂದು ತಿಳಿದು ದಬ್ಬಣನ ಹತ್ತಿರವೇ ಹೋಗುತ್ತಿದ್ದರು. ಅದರಲ್ಲಿ ಒಂದು ಸಾಲಿನ ಮೇಲೆ ವಕೀಲಮ್ಮನ ಪೆನ್ನು ನಿಂತಿತು: 'ನಮ್ಮಲ್ಲಿ ಪ್ರತಿ ಜೋಡಿಯೂ ಮೇಷ್ಟ್ರ ಕೈಯಿಂದಲೇ.'

"ಇದು ನಿಜ ತಾನೇ?"

"ಹೂಂ," ಎಂದಳು ಮಗಳು. ಅವಳ ಬಾಯಲ್ಲಿ ಮೊಳೆ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಅವಳೇ ಮಾಡಿದಳು. ದಾವೆಯ ಅರ್ಜಿಯಲ್ಲಿ 'ಪ್ರತಿವಾದಿ ಮಾರುತ್ತಿರುವುದು ಕಳಪೆ ನಕಲು' ಎಂದು ಬರೆಸಿದಳು. ಅದು ಬೇಡ, ನಮ್ಮ ಜಗಳ ಹೆಸರಿನ ಮೇಲೆ, ಜೋಡಿನ ಮೇಲಲ್ಲ ಎಂದು ವಕೀಲಮ್ಮ ಎರಡು ಸಲ ಹೇಳಿದರು. ಮಗಳು ಕೇಳಲಿಲ್ಲ. 'ಕಳಪೆ' ಎಂಬ ಆ ಮೂರಕ್ಷರ ಅವಳಿಗೆ ಬೇಕೇಬೇಕಿತ್ತು. ಮೇಷ್ಟ್ರೂ ತಮ್ಮ ಹೇಳಿಕೆಯಲ್ಲಿ ಒಂದು ಸಾಲು ಬರೆಸಿದರು: ಕತ್ತಲಲ್ಲಿ ಕೊಟ್ಟರೂ ನನ್ನ ಅಂಗಡಿಯ ಜೋಡನ್ನು ಬೆರಳಲ್ಲೇ ಗುರುತಿಸುತ್ತೇನೆ.

ಆಮೇಲೆ ಒಂದೂವರೆ ವರ್ಷ ಚಪ್ಪಲಿ ಸವೆಸಿದ್ದಾಯಿತು. ಜೋಡು ಮಾಡುವವರೇ ಚಪ್ಪಲಿ ಸವೆಸುವುದನ್ನು ನೋಡಿ ಕೋರ್ಟಿನ ಬಾಗಿಲು ಕಾಯುವವನಿಗೂ ನಗು. ಒಮ್ಮೆ ಜಡ್ಜು ರಜೆ, ಒಮ್ಮೆ ಆಚೆ ವಕೀಲರಿಗೆ ಜ್ವರ, ಒಮ್ಮೆ ಕಡತವೇ ನಾಪತ್ತೆ. ಆಚೆ ವಕೀಲರು ಬಿಳಿಗೂದಲಿನ, ನುಣುಪು ಮಾತಿನ ಮನುಷ್ಯ. ಮೆಲ್ಲಡಿ ಎಂಬುದು ನಿಘಂಟಿನಲ್ಲಿರುವ ಮಾತು, ಯಾರಪ್ಪನ ಸ್ವತ್ತೂ ಅಲ್ಲ ಎಂದು ವಾದಿಸಿದರು. ಕೊನೆಗೆ ಸಾಕ್ಷಿಗಳ ದಿನ ಬಂತು.

ಕೋರ್ಟಿನ ಆ ಕೋಣೆಯಲ್ಲಿ ಎರಡು ಫ್ಯಾನು, ಒಂದು ತಿರುಗುತ್ತಿತ್ತು. ಮೊದಲು ನರ್ಸಮ್ಮ ಹೇಳಿದಳು: ಫೋನಲ್ಲಿ ನೋಡಿದೆ, ಮೇಷ್ಟ್ರ ಅಂಗಡಿ ಸ್ಥಳ ಬದಲಾಯಿಸಿದೆ ಅಂದುಕೊಂಡು ಹೋದೆ, ಅಳತೆಗೆ ಕೂತಾಗ 'ಮೇಷ್ಟ್ರೆಲ್ಲಿ' ಅಂದರೆ 'ಅವರಿಗೆ ಹುಷಾರಿಲ್ಲ' ಅಂದರು. ಅವಳು ಎರಡು ಜೋಡಿ ತಂದಿದ್ದಳು, ಮೆಲ್ಲಡಿಯಲ್ಲಿ ಮಾಡಿಸಿದ್ದೊಂದು, ದಬ್ಬಣನ ಹತ್ತಿರ ಮಾಡಿಸಿದ್ದೊಂದು. ಕಪ್ಪು ಚರ್ಮ, ಅದೇ ಅಳತೆ, ಬಲಗಾಲಿಗೆ ಅದೇ ಒಂದೂವರೆ ಇಂಚಿನ ಅಟ್ಟೆ. ಎರಡಕ್ಕೂ ನಂಬರಿನ ಚೀಟಿ ಅಂಟಿಸಿ ಮೇಜಿನ ಮೇಲಿಟ್ಟರು.

ಆಮೇಲೆ ಮೇಷ್ಟ್ರನ್ನು ಕರೆದು, ವಯಸ್ಸಾದವರೆಂದು ಸಾಕ್ಷಿಕಟ್ಟೆಯಲ್ಲಿ ಕುರ್ಚಿ ಹಾಕಿಸಿದರು. ಬಿಳಿಗೂದಲಿನ ವಕೀಲರು ನಯವಾಗಿ ಹತ್ತಿರ ಬಂದರು.

"ಮೇಷ್ಟ್ರೇ, ನಿಮ್ಮ ಶಿಷ್ಯನ ಕೆಲಸ ಕಳಪೆ ಅಂತ ಅರ್ಜಿಯಲ್ಲಿದೆ. ನಿಮ್ಮದನ್ನ ಬೆರಳಲ್ಲೇ ಗುರುತಿಸ್ತೀನಿ ಅಂತ ನೀವೂ ಹೇಳಿದ್ದೀರಿ. ಅಷ್ಟೊಂದು ವ್ಯತ್ಯಾಸ ಇದ್ರೆ ಗಿರಾಕಿಗಳು ಮೋಸ ಹೋಗೋದು ಹೇಗೆ? ಎಲ್ಲಿ, ಇವೆರಡರಲ್ಲಿ ನಿಮ್ಮದು ಯಾವುದು ಹೇಳಿ ನೋಡೋಣ."

ವಕೀಲಮ್ಮ ಎದ್ದು ಆಕ್ಷೇಪಿಸಿದರು. ಜಡ್ಜು, ಸಾಕ್ಷಿಯೇ ಹೇಳಿಕೊಂಡ ಮಾತಲ್ಲವೇ, ನೋಡಲಿ ಎಂದರು.

ಮೇಷ್ಟ್ರಿಗೆ ಚೀಟಿಯ ನಂಬರು ಕಾಣುತ್ತಿರಲಿಲ್ಲ, ಕಂಡರೂ ಯಾವ ನಂಬರು ಯಾರದೆಂದು ತಿಳಿಯುತ್ತಿರಲಿಲ್ಲ. ಅವರು ಮೊದಲನೆಯ ಜೋಡನ್ನು ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳನ್ನು ಒಳಗೆ ತೂರಿಸಿ ಹಿಮ್ಮಡಿಯ ಸುತ್ತ ಒಂದು ಸುತ್ತು ಬಂದರು. ಕೈ ನಡುಗುತ್ತಿದ್ದದ್ದು ಚರ್ಮಕ್ಕೆ ತಾಗಿದ ಕೂಡಲೇ ನಿಂತಿತ್ತು, ಅದನ್ನು ಮಗಳು ಗಮನಿಸಿದಳು. ಅದನ್ನು ಕೆಳಗಿಟ್ಟು ಎರಡನೆಯದನ್ನು ಎತ್ತಿಕೊಂಡರು. ಅದರೊಳಗೆ ಹೆಬ್ಬೆರಳು ತುಂಬ ಹೊತ್ತು ಓಡಾಡಿತು. ಅವರ ಮುಖ ಅರಳಿತು. ಆರು ವರ್ಷದಲ್ಲಿ ಅವಳು ಆ ಮುಖವನ್ನು ಕಂಡಿರಲಿಲ್ಲ.

"ಇದು ನನ್ನದು," ಎಂದರು ಮೇಷ್ಟ್ರು. "ಕೈ ಇನ್ನೂ ಚೆನ್ನಾಗಿದ್ದಾಗ ಮಾಡಿದ್ದಿರಬೇಕು. ನೋಡಿ ಸ್ವಾಮಿ, ಇಲ್ಲಿ ಹೊಲಿಗೆ ಎಲ್ಲಿ ತಿರುಗುತ್ತೆ ಅಂತ ಬೆರಳಿಗೆ ಸಿಗಲ್ಲ. ನೀರು ಹರಿದ ಹಾಗೆ ಹೋಗುತ್ತೆ."

"ಮತ್ತೆ ಅದು?"

"ಅದು ನಕಲು." ಮೇಷ್ಟ್ರು ಇನ್ನೊಂದನ್ನು ಕಾಲ ಬೆರಳಿನಿಂದ ಚೂರು ದೂರ ಸರಿಸಿದರು. "ಒಳಗೆ ಹಿಮ್ಮಡಿ ಹತ್ರ ಒತ್ತೋ ಹಾಗೆ ಏಣು ಬಿಟ್ಟಿದಾರೆ. ಹೊಲಿಗೆ ಬಿಗಿ, ಎಲ್ಲಿ ಬಿಟ್ಟುಹೋಗುತ್ತೋ ಅಂತ ಎಳೆದು ಎಳೆದು ಹೊಲಿದಿದಾರೆ. ಹೆದರಿದ ಕೈ ಅದು. ಇದನ್ನ ಹಾಕ್ಕೊಂಡವರು ಮಧ್ಯಾಹ್ನದ ಹೊತ್ತಿಗೆ ಕುಂಟ್ತಾರೆ. ಪಾಪ, ಬಾಯಿ ಬಿಟ್ಟು ಹೇಳಲ್ಲ ಅಷ್ಟೆ. ಇದನ್ನ ಮಾಡಿದವರಿಗೆ ಈ ಕೆಲಸ ಬೇಡ ಅಂತ ಯಾರಾದ್ರೂ ಮೊದಲೇ ಹೇಳಬೇಕಿತ್ತು."

ನರ್ಸಮ್ಮ ತಲೆ ತಗ್ಗಿಸಿದಳು.

ಗುಮಾಸ್ತ ಚೀಟಿಗಳನ್ನು ನೋಡಿ ಓದಿದ. ಒಂದನೇ ನಂಬರು ವಾದಿಯ ಅಂಗಡಿಯದು, ಎರಡನೇ ನಂಬರು ಪ್ರತಿವಾದಿಯದು. ಓದುವವನಿಗೆ ಅದು ಇಪ್ಪತ್ತು ಕಡತಗಳಲ್ಲಿ ಒಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಬಿಳಿಗೂದಲಿನ ವಕೀಲರು ಗೆದ್ದೆನೆಂದು ಎರಡೂ ಕೈ ಚಾಚಿ ಬೆಂಚುಗಳ ಕಡೆ ತಿರುಗಿದರು. ನುಣುಪು ಮಾತಿನವರಿಗೆ ಒಂದೊಂದು ಸಲ ತಾವು ತೋಡಿದ ಹಳ್ಳವೇ ಕಾಣುವುದಿಲ್ಲ. ವಕೀಲಮ್ಮ ನಿಧಾನಕ್ಕೆ ಎದ್ದರು. "ಸ್ವಾಮಿ, ಮೂವತ್ತೆಂಟು ವರ್ಷ ಈ ಕೆಲಸ ಮಾಡಿದ ಯಜಮಾನರೇ ಪ್ರತಿವಾದಿಯ ಜೋಡನ್ನ ತಮ್ಮದು ಅಂದುಕೊಂಡರು. ಅದೇ ಹೆಸರು, ಅದೇ ಫೋಟೊ ನೋಡಿ ಹೋದ ಗಿರಾಕಿ ಹೇಗೆ ಪತ್ತೆ ಹಚ್ಚಬೇಕು?" ಎಂದಷ್ಟೇ ಹೇಳಿ ಕೂತರು. ಜಡ್ಜು ಬರೆದುಕೊಂಡರು. ವಾದಿ ತಾನೇ ಮಾಡಿದ್ದನ್ನು ಮೇಷ್ಟ್ರು ಮಾಡಿದ್ದೆಂದು ಮಾರಿದ್ದಾಳಲ್ಲ ಎಂದು ಬಿಳಿಗೂದಲಿನವರು ತಡವಾಗಿ ಕೂಗಿದಾಗ, ಅದಕ್ಕೆ ಬೇರೆ ದಾವೆ ಹಾಕಿಕೊಳ್ಳಿ ಎಂದರು ಜಡ್ಜು.

ಮಗಳು ಅದ್ಯಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಪ್ಪ ಸಾಕ್ಷಿಕಟ್ಟೆಯಲ್ಲಿ ಕೂತೇ ಇದ್ದರು. ಗುಮಾಸ್ತ ಓದಿದ್ದು ಅವರಿಗೆ ಅರ್ಥವಾಗಿತ್ತು. ಕೈ ಅಂಗಿಯ ಜೇಬನ್ನು ತಡಕಿತು. ಅಲ್ಲಿ ಮೊಳೆ ಇರಲಿಲ್ಲ. ಎದುರು ಬೆಂಚಿನಲ್ಲಿ ದಬ್ಬಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಹದಿನಾಲ್ಕು ವರ್ಷ ಅವನು ಕಾದಿದ್ದ ಮಾತು ಅವನ ಅಂಗಡಿ ಮುಳುಗುವ ದಿನ ಬಂದಿತ್ತು. ಆ ಕ್ಷಣದಲ್ಲಿ ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚಿತ್ತು. ಸೋತವನ ಮೇಲೆ ಅಷ್ಟು ಹೊಟ್ಟೆಕಿಚ್ಚು ಯಾರಿಗೂ ಬರಬಾರದು.

ಹೊರಗಿನ ಮೊಗಸಾಲೆಯಲ್ಲಿ ನರ್ಸಮ್ಮ ಅವಳ ಕೈ ಹಿಡಿದುಕೊಂಡಳು. "ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ ಕಣಮ್ಮಾ. ನೀನು ಅಷ್ಟು ಆಸೆಯಿಂದ ಕಟ್ಟಿಕೊಡ್ತಿದ್ದೆ. ಮೇಷ್ಟ್ರಿಗೆ ವಯಸ್ಸಾಯ್ತು, ಕೈ ಮೊದಲಿನ ಹಾಗಿಲ್ಲ ಅಂತ ಸುಮ್ಮನಾದೆ."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ, ಮಗಳು ಈಚೆ. ಕೋರ್ಟಿನ ವಿಷಯ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಒಂದೇ ಮನೆ, ಎರಡೇ ಜನ, ನಡುವೆ ಒಂದು ಜೊತೆ ಕಪ್ಪು ಜೋಡು. ಅವಳು ಪ್ರತಿ ಹಿಮ್ಮಡಿಯನ್ನೂ ಒಳಗಿನಿಂದ ಮತ್ತೆ ಮತ್ತೆ ಉಜ್ಜಿದಳು, ಹೊಲಿದದ್ದನ್ನು ಬಿಚ್ಚಿ ಹೊಲಿದಳು. ಬೆರಳು ಇಟ್ಟರೆ ಏಣು ಸಿಗುತ್ತಿತ್ತು. ಮೊದಲೂ ಇತ್ತು, ಈಗ ಅವಳಿಗೆ ಗೊತ್ತಾಗುತ್ತಿತ್ತು. ಮುಗಿಸಿ ತಂದು ಎದುರಿಗಿಟ್ಟರೆ ಅಪ್ಪನ ಬಾಯಲ್ಲಿ ಮೊಳೆ. "ಹೂಂ."

ನಾಲ್ಕು ತಿಂಗಳಿಗೆ ತೀರ್ಪು ಬಂತು. ಮೆಲ್ಲಡಿಯ ವಿಳಾಸವನ್ನು ಮೂವತ್ತು ದಿನದೊಳಗೆ ವಾದಿಗೆ ಒಪ್ಪಿಸಬೇಕು, ಫೋಟೊ ತೆಗೆಯಬೇಕು, ಆ ಹೆಸರಿನಲ್ಲಿ ಪ್ರತಿವಾದಿ ವ್ಯಾಪಾರ ಮಾಡಕೂಡದು. ವಕೀಲಮ್ಮ ಫೋನು ಮಾಡಿ ಅಭಿನಂದಿಸಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಜನ ಕೋರ್ಟಿಗೆ ಹೋಗದವರಿಗೆ ಹೇಳುತ್ತಾರೆ. ಹೋಗಿ ಬಂದವರಿಗೆ ಹೇಳುವ ಅಗತ್ಯ ಇರುವುದಿಲ್ಲ.

ವಿಳಾಸ ಅವಳ ಕೈಗೆ ಬಂದ ವಾರವೇ ಅದಕ್ಕೊಂದು ಪತ್ರ ಬಂತು. ಬರೆದವಳು ಒಬ್ಬ ತಾಯಿ.

'ಮೇಷ್ಟ್ರೇ, ಹೋದ ವರ್ಷ ನೀವು ನನ್ನ ಮಗಳಿಗೆ ಮಾಡಿಕೊಟ್ಟ ಜೋಡು ನೆನಪಿದೆಯೇ? ಎಡಪಾದ ಒಳಕ್ಕೆ ತಿರುಗಿದ ಹುಡುಗಿ. ಅದನ್ನು ಹಾಕಿಕೊಂಡ ದಿನದಿಂದ ಅಳದೆ ಶಾಲೆಗೆ ನಡೆದು ಹೋಗುತ್ತಾಳೆ. ಈಗ ಕಾಲು ಬೆಳೆದು ಬೆರಳು ಒತ್ತುತ್ತಿದೆ. ಬೇರೆ ಎರಡು ಕಡೆ ತೋರಿಸಿದೆವು, ಅವಳು ಒಪ್ಪಲಿಲ್ಲ, ಆ ತಾತನ ಕೈಯೇ ಬೇಕಂತೆ. ಯಾವತ್ತು ಕರೆದುಕೊಂಡು ಬರಲಿ?'

ಮಗಳು ಅದನ್ನು ಮೂರು ಸಲ ಓದಿದಳು. ಫೋಟೊದಲ್ಲಿದ್ದ ಕೈಯನ್ನು ನೋಡಿ ಹುಡುಗಿ ತಾತ ಎಂದಿದ್ದಳು, ಕಾಲಿಗೆ ಹಿತವಾದದ್ದು ಇನ್ನೊಬ್ಬರ ಕೈ. ಮೂರನೆಯ ಕೈಯೊಂದು ಈಗ ಫೋನು ಹಿಡಿದು ಕೂತಿತ್ತು. ಉತ್ತರ ಬರೆಯದೆ ಎದ್ದಳು, ದಬ್ಬಣನ ಅಂಗಡಿಗೆ ಹೊರಟಳು. ಏನು ಕೇಳಬೇಕು ಎಂಬುದನ್ನು ದಾರಿಯುದ್ದಕ್ಕೂ ಬಾಯಲ್ಲೇ ಕಟ್ಟಿ ಕಟ್ಟಿ ನೋಡಿದಳು. ವಾಪಸ್ ಬಾ ಅಣ್ಣಾ, ಹೊಲಿಯೋದು ನೀನು ನೋಡ್ಕೋ, ಉಳಿದದ್ದು ನಾನು ನೋಡ್ಕೋತೀನಿ. ಇಷ್ಟೇ. ಇಷ್ಟು ಹೇಳಲು ಎರಡು ವರ್ಷ, ಒಂದು ಕೋರ್ಟು ಬೇಕಾಗಿತ್ತು.

ಅಂಗಡಿಯ ಬಾಗಿಲು ಎಳೆದಿತ್ತು. 'ಬಾಡಿಗೆಗೆ ಇದೆ' ಎಂದು ಬರೆದ ರಟ್ಟು ತೂಗುತ್ತಿತ್ತು. ಪಕ್ಕದ ದರ್ಜಿ ಮಿಷಿನ್ನು ನಿಲ್ಲಿಸಿ ಹೊರಗೆ ಬಂದ.

"ಮೆಲ್ಲಡಿಯವರಾ? ನೀವು ಬಂದೇ ಬರ್ತೀರಿ ಅಂತ ಹೇಳಿದ್ದ. ಹತ್ತು ದಿನ ಆಯ್ತು ಹೋಗಿ. ಯಾವುದೋ ಊರಲ್ಲಿ ದೊಡ್ಡ ಫ್ಯಾಕ್ಟರಿಯಂತೆ, ಜೋಡುಗಳನ್ನ ಪೆಟ್ಟಿಗೆಗೆ ತುಂಬೋ ಕೆಲಸ. ಹೊಲಿಯೋ ಕೆಲಸ ಕೊಟ್ರು, ಬೇಡ ಅಂದನಂತೆ. ಇದನ್ನ ನಿಮಗೆ ಕೊಡು ಅಂದ."

ಒಂದು ಗೋಣಿಚೀಲ. ಒಳಗೆ ಮರದ ಅಚ್ಚುಗಳು, ಎಲ್ಲಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಒಂದೊಂದನ್ನೇ ಅಲ್ಲೇ ನಿಂತು ಓದಿದಳು. 'ಸಂಜೆ ಊದುತ್ತೆ, ಅಳತೆ ಸಂಜೆಯೇ ತೆಗೀಬೇಕು.' 'ಕಿರುಬೆರಳು ಮುಟ್ಟಿದರೆ ನೋವು, ಹೇಳಲ್ಲ, ಮುಖ ನೋಡ್ಕೋ.' ಎಲ್ಲಕ್ಕಿಂತ ಪುಟ್ಟದಕ್ಕೆ, 'ಎಡಗಾಲು. ವರ್ಷಕ್ಕೆ ಎರಡು ಸಲ ಕರೆಸು. ಒಳಗಡೆ ಏಣು ಇರಬಾರದು.' ಬೈದು ಬರೆದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ದರ್ಜಿಯ ಮುಂದೆಯೇ ಅತ್ತುಬಿಟ್ಟಳು.

ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬೀದಿಯ ಬಾಗಿಲಿಂದ ಒಳಗೆ ಕಾಲಿಟ್ಟಾಗ ಅಪ್ಪ ಗಿಡ್ಡ ಸ್ಟೂಲಿನ ಮೇಲೆ ಬಾಯಲ್ಲಿ ಮೊಳೆಯಿಲ್ಲದೆ ಕೂತಿದ್ದರು. ಅವಳು ಯಾವಾಗಲೂ ಒಳಕೋಣೆಯಿಂದ ಬರುವವಳು, ಎದ್ದ ಸದ್ದು ಮೊದಲೇ ಕೇಳಿಸುತ್ತಿತ್ತು. ಇವತ್ತು ಕೇಳಿಸಿರಲಿಲ್ಲ. ಅವಳು ಪುಟ್ಟ ಅಚ್ಚನ್ನು ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. ಅವರ ಹೆಬ್ಬೆರಳು ಪಾದದ ತಿರುವನ್ನು ಸವರಿ ಬಂತು. ಇದು ಯಾರ ಕೆಲಸ ಎಂದು ಅವರು ಕೇಳಲಿಲ್ಲ.

"ದಬ್ಬಣಣ್ಣ ಊರು ಬಿಟ್ಟನಂತೆ ಅಪ್ಪಾ. ಈ ಮಗೂಗೆ ಹೊಸದು ಬೇಕಂತೆ. ಚಿಕ್ಕ ಕಾಲು, ನೋವಿರೋ ಕಾಲು." ಅವಳು ಹೆಗಲ ಚೀಲವನ್ನು ಕೆಳಗಿಳಿಸಿದಳು. "ನಾನು ಮಾಡ್ಲಾ?"

ಅಪ್ಪ ಮುಖ ಎತ್ತಿದರು. ಪೊರೆ ಬಂದ ಕಣ್ಣು ಅವಳ ಮುಖವನ್ನು ಹುಡುಕಿ ಹುಡುಕಿ ಒಂದು ಕಡೆ ನಿಂತಿತು. ಅವರ ತುಟಿ ಅಲುಗಿತು. ಆಮೇಲೆ ಅವರ ನಡುಗುವ ಕೈ ಪಕ್ಕದ ಡಬ್ಬಿಗೆ ಹೋಯಿತು, ಮುಚ್ಚಳ ತೆಗೆಯಿತು, ಒಂದು ಚಿಟಿಕೆ ಮೊಳೆ ಹೆಕ್ಕಿಕೊಂಡಿತು. ನಾಲ್ಕು ನೆಲಕ್ಕೆ ಬಿದ್ದವು. ಉಳಿದವನ್ನು ಅವರು ಬಾಯಿಗೆ ಹಾಕಿಕೊಂಡರು.

"ಹೂಂ," ಎಂದರು.

ಮಗಳು ಬಗ್ಗಿ ನೆಲದ ಮೇಲಿನ ನಾಲ್ಕು ಮೊಳೆಗಳನ್ನು ಆಯ್ದು ಡಬ್ಬಿಗೆ ಹಾಕಿದಳು. ಆಮೇಲೆ ಫೋನು ತೆಗೆದು, ಸೋಮವಾರ ಕರೆದುಕೊಂಡು ಬನ್ನಿ ಎಂದು ಆ ತಾಯಿಗೆ ಉತ್ತರ ಬರೆದು, ಕೆಳಗೆ ಮೆಲ್ಲಡಿ ಎಂದು ಸಹಿ ಹಾಕಿದಳು.